ಕಲಿಸುವವರಿಲ್ಲದ ಆಕಾಶ: ಬೆಸ್ಸಿ ಕೋಲ್ಮನ್ ಬದುಕು

1920ರಲ್ಲಿ ಅಮೆರಿಕದಲ್ಲಿ ವಿಮಾನ ಹಾರಿಸೋಕೆ ಲೈಸೆನ್ಸ್ ಬೇಕೇಬೇಕು ಅಂತ ಇರಲಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ ಅಂಥ ಕಾನೂನನ್ನೇ ಆಗ ಇನ್ನೂ ಮಾಡಿರಲಿಲ್ಲ. ಮೊದಲ ಮಹಾಯುದ್ಧ ಮುಗಿದು, ಸೇನೆ ಬೇಡವೆಂದು ಮಾರಿದ ಹಳೆಯ ವಿಮಾನಗಳು ಕೆಲವೇ ನೂರು ಡಾಲರಿಗೆ ಸಿಗುತ್ತಿದ್ದವು. ಕೈಯಲ್ಲಿ ದುಡ್ಡು, ಎದುರಿಗೊಂದು ಬಯಲು ಇದ್ದವರು ಹಾರಬಹುದಿತ್ತು. ಕಪ್ಪು ಜನ ಹಾರಕೂಡದು ಅಂತ ದೇಶದ ಯಾವ ಕಾಯ್ದೆಯೂ ಹೇಳಿರಲಿಲ್ಲ. ಹೆಂಗಸರು ಹಾರಕೂಡದು ಅಂತಲೂ ಹೇಳಿರಲಿಲ್ಲ.

ಹಾಗಿದ್ದರೂ ಶಿಕಾಗೋದ 28 ವರ್ಷದ ಕಪ್ಪು ಹೆಣ್ಣುಮಗಳೊಬ್ಬಳು ನನಗೆ ಹಾರಲು ಕಲಿಸಿ ಅಂತ ಕೇಳಿಕೊಂಡು ಹೋದಾಗ ಒಂದೇ ಒಂದು ಶಾಲೆಯೂ ಸೇರಿಸಿಕೊಳ್ಳಲಿಲ್ಲ. ಒಬ್ಬನೇ ಒಬ್ಬ ಪೈಲಟ್ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿಕೊಡಲಿಲ್ಲ.

ಆಕೆಯ ಹೆಸರು ಬೆಸ್ಸಿ ಕೋಲ್ಮನ್. ಬಹಿಷ್ಕಾರಕ್ಕೆ ಯಾವಾಗಲೂ ಕಾನೂನು ಬೇಕಾಗುತ್ತೆ ಅಂತ ನಂಬುವವರು ಆಕೆಯ ಕಥೆಯನ್ನು ಒಮ್ಮೆ ಓದಬೇಕು.

ವಿಮಾನದ ಚರಿತ್ರೆ ಅಂದಕೂಡಲೇ ನಮಗೆ ನೆನಪಾಗೋದು ಒಂದು ಪಟ್ಟಿ. 1903ರ ಡಿಸೆಂಬರ್ 17ರಂದು ಕಿಟಿ ಹಾಕ್ ಬಳಿಯ ಮರಳುದಿಬ್ಬಗಳಲ್ಲಿ ರೈಟ್ ಸಹೋದರರು 12 ಸೆಕೆಂಡ್ ಹಾರಿದರು. 1909ರಲ್ಲಿ ಬ್ಲೇರಿಯೋ ಇಂಗ್ಲಿಷ್ ಕಾಲುವೆ ದಾಟಿದ. 1910ರ ಮಾರ್ಚ್ 8ರಂದು ಫ್ರಾನ್ಸಿನ ರೇಮಂಡ್ ದ ಲಾರೋಶ್ ಪೈಲಟ್ ಲೈಸೆನ್ಸ್ ಪಡೆದ ಜಗತ್ತಿನ ಮೊದಲ ಹೆಣ್ಣಾದಳು. 1927ರಲ್ಲಿ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದ. ಮೊದಲು ಯಾರು, ಎಷ್ಟು ದೂರ, ಎಷ್ಟು ಎತ್ತರ, ಇಷ್ಟೇ ಲೆಕ್ಕ. ಈಗ ಈ ಪಟ್ಟಿಗೆ ಬೆಸ್ಸಿಯ ಹೆಸರನ್ನೂ ಸೇರಿಸಿದ್ದಾರೆ: ಪೈಲಟ್ ಲೈಸೆನ್ಸ್ ಪಡೆದ ಮೊದಲ ಕಪ್ಪು ಅಮೆರಿಕನ್ ಮಹಿಳೆ, ಮೊದಲ ಮೂಲನಿವಾಸಿ ಅಮೆರಿಕನ್ ಮಹಿಳೆ. ಸೇರಿಸಿದ್ದು ಸರಿಯೇ. ಆದರೆ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡರೆ ಆಕೆ ಯಾತಕ್ಕಾಗಿ ಪ್ರಾಣ ಒತ್ತೆಯಿಟ್ಟಳು ಅನ್ನೋದು ಮರೆಯಾಗಿಬಿಡುತ್ತೆ. ಮೊದಲಿಗಳಾಗೋದು ಬೆಸ್ಸಿಗೆ ಬರೀ ಅರ್ಧ ದಾರಿ. ಉಳಿದರ್ಧದಲ್ಲಿ ಒಂದು ಶಾಲೆ ಇತ್ತು.

ಹತ್ತಿ ಹೊಲದ ಲೆಕ್ಕ

ಬೆಸ್ಸಿ ಹುಟ್ಟಿದ್ದು 1892ರ ಜನವರಿ 26ರಂದು, ಟೆಕ್ಸಾಸ್ ರಾಜ್ಯದ ಅಟ್ಲಾಂಟಾ ಎಂಬ ಸಣ್ಣ ಊರಲ್ಲಿ. ಜಾರ್ಜಿಯಾದ ದೊಡ್ಡ ಅಟ್ಲಾಂಟಾ ಬೇರೆ, ಇದು ಬೇರೆ. ಜಾರ್ಜ್ ಮತ್ತು ಸೂಸನ್ ಕೋಲ್ಮನ್ ದಂಪತಿಯ 13 ಮಕ್ಕಳಲ್ಲಿ ಹತ್ತನೆಯವಳು. ತಂದೆಯ ವಂಶದಲ್ಲಿ ಮೂಲನಿವಾಸಿಗಳ ರಕ್ತವಿತ್ತು. ಮಗುವಿಗೆ ಎರಡು ವರ್ಷವಿದ್ದಾಗ ಕುಟುಂಬ ಡಲ್ಲಾಸ್ ಹತ್ತಿರದ ವಾಕ್ಸಹಾಚಿಗೆ ಬಂತು. ಸುತ್ತ ಎಲ್ಲಿ ನೋಡಿದರೂ ಹತ್ತಿ ಹೊಲ. ಗುಲಾಮಗಿರಿ ಹೋಗಿ ಮೂವತ್ತು ವರ್ಷವಾಗಿತ್ತು ನಿಜ, ಅದರ ಜಾಗದಲ್ಲಿ ಪಾಲಿನ ಬೇಸಾಯ ಬಂದು ಕೂತಿತ್ತು. ಭೂಮಿ ಒಡೆಯನದು, ದುಡಿಮೆ ಇವರದು, ಬೆಳೆ ಬಂದಾಗ ತಕ್ಕಡಿ ಹಿಡಿಯುವವನು ಒಡೆಯನ ಕಡೆಯವನು. ಈ ವ್ಯವಸ್ಥೆ ನಮ್ಮವರಿಗೆ ವಿವರಿಸಿ ಹೇಳಬೇಕಾದದ್ದೇನಲ್ಲ.

ಕಪ್ಪು ಮಕ್ಕಳಿಗೆ ಬೇರೆಯದೇ ಶಾಲೆ, ಒಂದೇ ಕೋಣೆಯದು. ಮನೆಯಿಂದ ನಾಲ್ಕು ಮೈಲಿ ನಡೆದು ಹೋಗಬೇಕು. ಹತ್ತಿ ಬಿಡಿಸುವ ಕಾಲ ಬಂದರೆ ಶಾಲೆಗೆ ಬೀಗ, ಮಕ್ಕಳೆಲ್ಲ ಹೊಲಕ್ಕೆ. ಬೆಸ್ಸಿಗೆ ಹತ್ತಿ ಬಿಡಿಸೋದು ಒಂಚೂರೂ ಇಷ್ಟವಿರಲಿಲ್ಲ, ಗಣಿತ ಮಾತ್ರ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಮನೆಯವರು ಬಿಡಿಸಿದ ಹತ್ತಿಯ ತೂಕ, ಬರಬೇಕಾದ ದುಡ್ಡು ಎಲ್ಲದರ ಲೆಕ್ಕ ಈ ಹುಡುಗಿಯ ಪಾಲಿಗೆ ಬಂತು. ತಕ್ಕಡಿಯ ಮುಂದೆ ನಿಂತು ಮುಳ್ಳು ನೋಡುವ ಅಭ್ಯಾಸ ಆಕೆಗೆ ಆಗಲೇ ಆಯಿತು. ಮುಂದೆ ಮ್ಯಾನೇಜರುಗಳು, ಸಿನಿಮಾದವರು, ಪತ್ರಿಕೆಯವರು ಎಲ್ಲರ ಜೊತೆಗೂ ಆಕೆ ವ್ಯವಹರಿಸಿದ ರೀತಿ ನೋಡಿದರೆ ಆ ಅಭ್ಯಾಸ ಕೊನೆತನಕ ಹೋದ ಹಾಗೆ ಕಾಣೋದಿಲ್ಲ.

1901ರಲ್ಲಿ ತಂದೆ ಟೆಕ್ಸಾಸಿನ ವರ್ಣದ್ವೇಷಕ್ಕೆ ಬೇಸತ್ತು, ಮೂಲನಿವಾಸಿಗಳಿಗೆ ಒಂದಿಷ್ಟು ಹಕ್ಕುಗಳಿದ್ದ ಓಕ್ಲಹೋಮಾದ ಕಡೆ ಹೊರಟುಬಿಟ್ಟ. ಸೂಸನ್ ಜೊತೆಗೆ ಹೋಗಲಿಲ್ಲ. ಬಿಳಿಯರ ಮನೆಯಲ್ಲಿ ಅಡಿಗೆ, ಮನೆಗೆಲಸ ಹಿಡಿದಳು. ಅಮ್ಮ ಕೆಲಸಕ್ಕೆ ಹೋದರೆ ತಂಗಿಯರನ್ನು ನೋಡಿಕೊಳ್ಳೋದು ಒಂಬತ್ತರ ಬೆಸ್ಸಿಯ ಹೊಣೆ. ಸೂಸನ್‌ಗೆ ಓದು ಬರುತ್ತಿರಲಿಲ್ಲ. ಆದರೂ ವರ್ಷಕ್ಕೆ ಒಂದೆರಡು ಸಲ ಊರ ಮೇಲೆ ಹಾದುಹೋಗುತ್ತಿದ್ದ ಗ್ರಂಥಾಲಯದ ಗಾಡಿಯಿಂದ ಬಾಡಿಗೆ ಕೊಟ್ಟು ಪುಸ್ತಕ ತರಿಸುತ್ತಿದ್ದಳು. ರಾತ್ರಿ ಬೆಸ್ಸಿ ಗಟ್ಟಿಯಾಗಿ ಓದುವಳು, ಮನೆಮಂದಿ ಕೇಳುವರು.

ಬಟ್ಟೆ ಒಗೆದು ಕೂಡಿಟ್ಟ ದುಡ್ಡಿನಲ್ಲಿ 1910ರಲ್ಲಿ ಓಕ್ಲಹೋಮಾದ ಲ್ಯಾಂಗ್‌ಸ್ಟನ್‌ನಲ್ಲಿದ್ದ ಕಪ್ಪುವರ್ಣೀಯರ ವಿಶ್ವವಿದ್ಯಾಲಯ ಸೇರಿದಳು. ಒಂದು ಅವಧಿ ಮುಗಿಯುವಷ್ಟರಲ್ಲಿ ದುಡ್ಡು ಮುಗಿಯಿತು. ವಾಪಸ್ ವಾಕ್ಸಹಾಚಿಗೆ, ಮತ್ತೆ ಒಗೆಯೋ ಬಟ್ಟೆಗೆ.

ಶಿಕಾಗೋ

1915ರಲ್ಲಿ ಅಣ್ಣಂದಿರಿದ್ದ ಶಿಕಾಗೋಗೆ ರೈಲು ಹತ್ತಿದಳು. ಆ ವರ್ಷಗಳಲ್ಲಿ ದಕ್ಷಿಣದ ಹೊಲಗಳನ್ನು ಬಿಟ್ಟು ಉತ್ತರದ ನಗರಗಳಿಗೆ ಲಕ್ಷಾಂತರ ಕಪ್ಪು ಜನ ಹೊರಟಿದ್ದರು. ಆಕೆಯದೂ ಅದೇ ವಲಸೆ. ಉಗುರು ತಿದ್ದುವ ಕೆಲಸ ಕಲಿತು, ಸ್ಟೇಟ್ ಸ್ಟ್ರೀಟಿನ ವೈಟ್ ಸಾಕ್ಸ್ ಎಂಬ ಕ್ಷೌರದಂಗಡಿಯಲ್ಲಿ ಕೂತಳು. ಕಪ್ಪು ಶಿಕಾಗೋದ ದುಡ್ಡು, ರಾಜಕೀಯ, ಜೂಜು, ಪತ್ರಿಕೋದ್ಯಮ ಎಲ್ಲವೂ ಆ ಬೀದಿಯಲ್ಲಿ ಓಡಾಡುತ್ತಿದ್ದವು. ಊರಿನ ದೊಡ್ಡ ಮನುಷ್ಯರು ಕೈ ಚಾಚಿ ಕೂರುತ್ತಿದ್ದರು, ಬೆಸ್ಸಿ ಉಗುರು ತಿದ್ದುತ್ತಾ ಅವರ ಮಾತು ಕೇಳಿಸಿಕೊಳ್ಳುತ್ತಿದ್ದಳು. ಕೆಲಸ ಸಣ್ಣದಿರಬಹುದು, ಸಂಪರ್ಕ ಸಣ್ಣದಿರಲಿಲ್ಲ.

ಉತ್ತರಕ್ಕೆ ಬಂದಮಾತ್ರಕ್ಕೆ ಬಿಡುಗಡೆ ಸಿಕ್ಕಿತು ಅಂದುಕೊಂಡಿದ್ದವರಿಗೆ 1919ರ ಜುಲೈ 27ರಂದು ಉತ್ತರ ಸಿಕ್ಕಿತು. ಮಿಶಿಗನ್ ಸರೋವರದಲ್ಲಿ ಈಜುತ್ತಿದ್ದ ಯೂಜೀನ್ ವಿಲಿಯಮ್ಸ್ ಎಂಬ 17 ವರ್ಷದ ಕಪ್ಪು ಹುಡುಗ ನೀರಿನಲ್ಲಿ ಬಿಳಿಯರ ಕಡೆಯ ಗಡಿ ದಾಟಿದ ಅಂತ ಕಲ್ಲು ತೂರಿದರು, ಹುಡುಗ ಮುಳುಗಿ ಸತ್ತ. ನೀರಿಗೂ ಗಡಿ! ಅಲ್ಲಿಂದ ಶುರುವಾದ ಹಿಂಸೆಯಲ್ಲಿ 38 ಜನ ಸತ್ತರು, 23 ಕಪ್ಪುವರ್ಣೀಯರು, 15 ಬಿಳಿಯರು. ಫ್ರಾನ್ಸಿನ ಕಂದಕಗಳಲ್ಲಿ ಅಮೆರಿಕದ ಪರವಾಗಿ ಹೋರಾಡಿ ಅದೇ ತಾನೇ ಮರಳಿದ್ದ ಕಪ್ಪು ಸೈನಿಕರು ತಮ್ಮದೇ ಬೀದಿಗಳಲ್ಲಿ ಮತ್ತೆ ಕಾವಲು ನಿಲ್ಲಬೇಕಾಯಿತು. ಬೆಸ್ಸಿಯ ಅಣ್ಣ ಜಾನ್ ಹಾಗೆ ಫ್ರಾನ್ಸಿನಿಂದ ಮರಳಿದ್ದವನು.

ಈ ಜಾನನೇ ಒಂದು ದಿನ ಕ್ಷೌರದಂಗಡಿಗೆ ಬಂದು ತಂಗಿಯನ್ನು ಕಿಚಾಯಿಸಿದನಂತೆ. ಫ್ರಾನ್ಸಿನ ಹೆಂಗಸರ ಮುಂದೆ ನಿಮ್ಮದೇನು, ಅವರು ವಿಮಾನ ಕೂಡ ಹಾರಿಸುತ್ತಾರೆ, ನೀವು ಜನ್ಮದಲ್ಲಿ ಹಾರಿಸೋದಿಲ್ಲ ಅಂತ. ಬೆಸ್ಸಿ ಅವತ್ತೇ ಹಟ ತೊಟ್ಟಳು ಅಂತ ಎಲ್ಲ ಜೀವನಚರಿತ್ರೆಗಳೂ ಬರೆಯುತ್ತವೆ. ತಮಾಷೆಯ ಒಂದು ಮಾತಿಗೆ ಬದುಕು ತಿರುಗಿತು ಅನ್ನೋದು ಕೇಳೋಕೆ ಚೆಂದ. ನನಗನಿಸೋದು, ಆ ಹೊತ್ತಿಗಾಗಲೇ ಆಕೆಯೊಳಗೆ ಹದಿನೈದು ವರ್ಷದ ಹಸಿವಿತ್ತು, ಅಣ್ಣನ ಮಾತು ಅದಕ್ಕೊಂದು ವಿಳಾಸ ಕೊಟ್ಟಿತು ಅಷ್ಟೇ.

ವಿಳಾಸವಂತೂ ಸರಿಯಾಗಿಯೇ ಇತ್ತು. ಜಾರ್ಜಿಯಾದಲ್ಲಿ ಹುಟ್ಟಿದ ಯೂಜೀನ್ ಬುಲ್ಲಾರ್ಡ್ ಎಂಬ ಕಪ್ಪುವರ್ಣೀಯ 1917ರಲ್ಲಿ ಯುದ್ಧವಿಮಾನ ಹಾರಿಸಿದ್ದ, ಫ್ರಾನ್ಸಿನ ಪರವಾಗಿ. ಅಮೆರಿಕ ಯುದ್ಧಕ್ಕಿಳಿದ ಮೇಲೆ ಅದೇ ಬುಲ್ಲಾರ್ಡ್ ತನ್ನ ದೇಶದ ವಾಯುದಳಕ್ಕೆ ಅರ್ಜಿ ಹಾಕಿದರೆ ತಗೊಳ್ಳಲಿಲ್ಲ.

ಏಕಲವ್ಯನಿಗೆ ಆದದ್ದು ಬೆಸ್ಸಿಗೆ ಆಗೋ ಹಾಗಿರಲಿಲ್ಲ

ಕಲಿಸೋದಿಲ್ಲ ಅಂದ ಗುರು ಅಂದಕೂಡಲೇ ನಮಗೆ ದ್ರೋಣ ನೆನಪಾಗ್ತಾನೆ. ಏಕಲವ್ಯ ಕಾಡಿಗೆ ಹೋಗಿ ಮಣ್ಣಿನ ಮೂರ್ತಿಯ ಮುಂದೆ ತಾನೇ ಕಲಿತ. ಬಿಲ್ಲು ಬಿದಿರಿನದು, ಬಾಣ ಕಾಡಿನದು, ಬೆಳಗಿನಿಂದ ಸಂಜೆವರೆಗೆ ಎಸೆದರೆ ಕೈ ಪಳಗುತ್ತೆ. ವಿಮಾನಕ್ಕೆ ಈ ದಾರಿ ಇಲ್ಲ. ಯಂತ್ರ ಬೇಕು, ಪೆಟ್ರೋಲ್ ಬೇಕು, ಬಯಲು ಬೇಕು, ಎರಡು ಸೀಟಿನ ವಿಮಾನದ ಇನ್ನೊಂದು ಸೀಟಲ್ಲಿ ಕೂತು ತಪ್ಪಾದಾಗ ಹಿಡಿತ ಹಿಂದಕ್ಕೆ ತಗೊಳ್ಳುವ ಗುರು ಬೇಕು. ಮೊದಲ ತಪ್ಪೇ ಕೊನೆಯದಾಗುವ ವಿದ್ಯೆ ಇದು. ಆಧುನಿಕ ವಿದ್ಯೆಗಳು ಬಹಳಷ್ಟು ಹೀಗೇ. ಪ್ರತಿಭೆಯಿದ್ದವರು ಹೇಗಾದರೂ ಮೇಲೆ ಬಂದೇ ಬರ್ತಾರೆ ಅನ್ನೋ ಮಾತು ಇಂಥ ಕಡೆ ನಿಲ್ಲೋದಿಲ್ಲ.

ಬೆಸ್ಸಿ ಸಲಹೆ ಕೇಳಿದ್ದು ರಾಬರ್ಟ್ ಅಬಾಟ್‌ನನ್ನು. 1905ರಲ್ಲಿ ಶುರುವಾಗಿ ದೇಶದ ಕಪ್ಪು ಓದುಗರೆಲ್ಲ ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದ 'ಶಿಕಾಗೋ ಡಿಫೆಂಡರ್' ಪತ್ರಿಕೆಯ ಒಡೆಯ ಈತ. ಇಲ್ಲಿ ಬಾಗಿಲು ತೆರೆಯೋಲ್ಲ, ಫ್ರೆಂಚ್ ಕಲಿತು ಫ್ರಾನ್ಸಿಗೆ ಹೋಗು ಅಂದ. ದುಡ್ಡಿನ ನೆರವನ್ನೂ ಕೊಟ್ಟ. ಬ್ಯಾಂಕರ್ ಜೆಸ್ಸಿ ಬಿಂಗಾ ಕೂಡ ನೆರವಾದ. ಅಬಾಟ್‌ಗೆ ಇದರಲ್ಲಿ ಸ್ವಾರ್ಥವೂ ಇತ್ತು. ಕಪ್ಪು ಹೆಣ್ಣೊಬ್ಬಳು ಆಕಾಶಕ್ಕೇರಿದರೆ ಪತ್ರಿಕೆ ಬಿಸಿದೋಸೆಯಂತೆ ಖರ್ಚಾಗುತ್ತೆ ಅಂತ ಆತನಿಗೆ ಗೊತ್ತಿತ್ತು. ಹಾಗಂತ ಆ ನೆರವನ್ನು ಕಡೆಗಣಿಸೋಕಾಗೋದಿಲ್ಲ. ಕಪ್ಪು ಸಮುದಾಯದ ಒಂದು ಪತ್ರಿಕೆ, ಒಂದು ಬ್ಯಾಂಕು, ಒಂದು ಕ್ಷೌರದಂಗಡಿ ಇಲ್ಲದೇ ಹೋಗಿದ್ದರೆ ಬೆಸ್ಸಿ ಹಾರುತ್ತಿರಲಿಲ್ಲ. ಆಕೆ ತನ್ನ ಸಂಪಾದನೆಯನ್ನೂ ಕೂಡಿಟ್ಟಳು, ಚಿಲ್ಲಿ ಮಾರುವ ಹೋಟೆಲೊಂದನ್ನು ನೋಡಿಕೊಂಡಳು, ಶಿಕಾಗೋದಲ್ಲೇ ಭಾಷಾ ತರಗತಿ ಸೇರಿ ಫ್ರೆಂಚ್ ಕಲಿತಳು.

1920ರ ನವೆಂಬರಿನಲ್ಲಿ ನ್ಯೂಯಾರ್ಕಿನಿಂದ ಹಡಗು ಹತ್ತಿದಳು. ಪ್ಯಾರಿಸ್ಸಿನಲ್ಲಿ ಮೊದಲು ಕೇಳಿದ ಶಾಲೆ ಅಲ್ಲೂ ಬೇಡವೆಂದಿತು. ತರಬೇತಿಯಲ್ಲಿ ಹೆಂಗಸರು ಸತ್ತಿದ್ದರಿಂದ ಹೆಂಗಸರನ್ನೇ ತಗೊಳ್ಳೋದು ನಿಲ್ಲಿಸಿದ್ದರು. ಕೊನೆಗೆ ಸೇರಿಸಿಕೊಂಡದ್ದು ಉತ್ತರ ಫ್ರಾನ್ಸಿನ ಸೊಮ್ಮ್ ನದಿ ಸಮುದ್ರ ಸೇರುವಲ್ಲಿರುವ ಲ ಕ್ರೊತ್ವಾ ಎಂಬ ಊರಿನ ಕೊದ್ರೋ ಸಹೋದರರ ಶಾಲೆ. ವಿಮಾನ ತಯಾರಿಸುತ್ತಿದ್ದವರೇ ನಡೆಸುತ್ತಿದ್ದ ಹೆಸರಾಂತ ಶಾಲೆ ಅದು.

ಕಲಿತದ್ದು ನ್ಯೂಪೋರ್ 82 ಎಂಬ ಎರಡು ರೆಕ್ಕೆಯ ವಿಮಾನದಲ್ಲಿ. ಮರ, ತಂತಿ, ಬಟ್ಟೆ, ಅಂಟು, ಇವುಗಳ ಮೇಲೊಂದು ಎಂಜಿನ್. ಹಾರುವ ಮುಂಚೆ ಪ್ರತಿ ಸಲ ಎಲ್ಲವನ್ನೂ ಮುಟ್ಟಿ ನೋಡಬೇಕು, ಒಂದು ತಂತಿ ಸಡಿಲವಾಗಿದ್ದರೆ ಮುಗಿಯಿತು. ಸ್ಟೀರಿಂಗ್ ಇಲ್ಲ. ಮುಂದೊಂದು ಕೋಲು, ಕಾಲಡಿ ಒಂದು ಅಡ್ಡಪಟ್ಟಿ. ಗುರು ತನ್ನ ಕೋಲನ್ನು ಅಲುಗಿಸಿದರೆ ಕಲಿಯುವವರ ಕೋಲೂ ಅಲುಗುತ್ತೆ, ಅದನ್ನು ಹಿಡಿದು ಕೈಗೆ ಲಯ ಹತ್ತಿಸಿಕೊಳ್ಳಬೇಕು. ಬ್ರೇಕೂ ಇಲ್ಲ. ಇಳಿದ ಮೇಲೆ ಬಾಲದ ಕೆಳಗಿನ ಮರದ ತುಂಡು ನೆಲಕ್ಕೆ ಉಜ್ಜಿಕೊಂಡು ನಿಲ್ಲಬೇಕು. ಜೊತೆಗೆ ಕಲಿಯುತ್ತಿದ್ದವನೊಬ್ಬ ವಿಮಾನ ಬಿದ್ದು ಸತ್ತದ್ದನ್ನು ಬೆಸ್ಸಿ ಕಣ್ಣಾರೆ ಕಂಡಳು. ಮಾರನೆಯ ಪಾಠಕ್ಕೆ ಹೋದಳು.

ಹತ್ತು ತಿಂಗಳ ಕೋರ್ಸನ್ನು ಏಳು ತಿಂಗಳಲ್ಲಿ ಮುಗಿಸಿದಳು. 1921ರ ಜೂನ್ 15ರಂದು ಅಂತಾರಾಷ್ಟ್ರೀಯ ವೈಮಾನಿಕ ಒಕ್ಕೂಟದ ಲೈಸೆನ್ಸ್ ಕೈಗೆ ಬಂತು. ಜಗತ್ತಿನ ಯಾವ ಮೂಲೆಯಲ್ಲಾದರೂ ಹಾರಬಹುದಾದ ಲೈಸೆನ್ಸ್. ಅದರಲ್ಲಿ ಹುಟ್ಟಿದ ವರ್ಷ 1896 ಅಂತಿದೆ. ನಾಲ್ಕು ವರ್ಷ ಕಡಿಮೆ ಮಾಡಿ ಬರೆಸಿದ್ದಾಳೆ, ಮೂವತ್ತರ ಹತ್ತಿರ ಬಂದವಳನ್ನು ಯಾರು ಕೇಳ್ತಾರೆ ಅಂತ ಇರಬೇಕು. ಪತ್ರಕರ್ತರ ಮುಂದೆಯೂ ಹೀಗೇ. ತನಗಾಗಿಯೇ ಫ್ರಾನ್ಸಿನಲ್ಲಿ ವಿಮಾನ ತಯಾರಾಗುತ್ತಿದೆ ಅಂತ ಹೇಳಿಕೊಂಡಳು, ಆ ವಿಮಾನ ಬರಲೇ ಇಲ್ಲ. ಬಂಡವಾಳವಿಲ್ಲದವರು ಬಂಡವಾಳವಿರುವ ಹಾಗೆ ನಡೆದುಕೊಳ್ಳಬೇಕಾದ ದಂಧೆ ಅದು. ಇದನ್ನು ಮುಚ್ಚಿಟ್ಟು ಆಕೆಯನ್ನು ದೇವತೆ ಮಾಡೋದರಿಂದ ಯಾರಿಗೂ ಉಪಕಾರವಿಲ್ಲ.

ಹರಿದ ಬಟ್ಟೆ ಹಾಕೋದಿಲ್ಲ

1921ರ ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದರೆ ಸುದ್ದಿಯೇನೋ ಆಯಿತು, ಕೆಲಸ ಇರಲಿಲ್ಲ. ವಿಮಾನಯಾನ ಕಂಪನಿಗಳು ಇನ್ನೂ ಹುಟ್ಟುವ ಹಂತದಲ್ಲಿದ್ದವು. ಹೊಟ್ಟೆಪಾಡಿಗೆ ಪೈಲಟುಗಳಿಗಿದ್ದ ಮುಖ್ಯ ದಾರಿ ಊರೂರಿಗೆ ಹೋಗಿ ಸರ್ಕಸ್ಸಿನ ಹಾಗೆ ವೈಮಾನಿಕ ಪ್ರದರ್ಶನ ಕೊಡೋದು: ಲಾಗ ಹಾಕೋದು, ಎಂಟರ ಆಕಾರ ಬರೆಯೋದು, ಎಂಜಿನ್ ನಿಲ್ಲಿಸಿ ಬೀಳುವ ಹಾಗೆ ಮಾಡಿ ಮೇಲಕ್ಕೇಳೋದು. ಅದಕ್ಕೆ ಬೆಸ್ಸಿ ಕಲಿತದ್ದು ಸಾಲದು. ಕಲಿಸುವವರು ಅಮೆರಿಕದಲ್ಲಿ ಈಗಲೂ ಇಲ್ಲ! ಕೈಯಲ್ಲಿ ಅಂತಾರಾಷ್ಟ್ರೀಯ ಲೈಸೆನ್ಸ್ ಇಟ್ಟುಕೊಂಡು 1922ರ ಫೆಬ್ರವರಿಯಲ್ಲಿ ಎರಡನೇ ಸಲ ಯುರೋಪಿಗೆ ಹಡಗು ಹತ್ತಿದಳು. ಫ್ರಾನ್ಸ್, ನೆದರ್ಲೆಂಡ್ಸ್, ಜರ್ಮನಿ. ವಿಮಾನ ತಯಾರಕ ಆಂಟನಿ ಫೋಕರ್‌ನನ್ನು ಕಂಡು, ಆತನ ಕಂಪನಿಯ ಪೈಲಟುಗಳಿಂದ ಕಲಿತು ಬಂದಳು.

1922ರ ಸೆಪ್ಟೆಂಬರ್ 3ರಂದು ನ್ಯೂಯಾರ್ಕ್ ಹತ್ತಿರದ ಕರ್ಟಿಸ್ ಫೀಲ್ಡಿನಲ್ಲಿ ಮೊದಲ ಪ್ರದರ್ಶನ. ಏರ್ಪಡಿಸಿದ್ದು ಅಬಾಟ್‌ನ ಪತ್ರಿಕೆ, ಅರ್ಪಿಸಿದ್ದು ಯುದ್ಧದಲ್ಲಿ ಹೋರಾಡಿದ 369ನೇ ಕಪ್ಪು ಪದಾತಿದಳಕ್ಕೆ. ಮುಂದಿನ ತಿಂಗಳು ಶಿಕಾಗೋದಲ್ಲಿ. ಸೈನ್ಯದ ಅಧಿಕಾರಿಗಳ ಹಾಗೆ ಹೊಲಿಸಿದ ಉಡುಪು, ಎತ್ತರದ ಚರ್ಮದ ಬೂಟು, ನೆಟ್ಟಗಿನ ನಿಲುವು. ಹಾರಾಟದಷ್ಟೇ ಈ ವೇಷವೂ ಲೆಕ್ಕಾಚಾರದ್ದು. ಪತ್ರಿಕೆಗಳು ಕ್ವೀನ್ ಬೆಸ್ ಅಂತ ಹೆಸರಿಟ್ಟವು.

ಆಗಲೇ ಸಿನಿಮಾದವರು ಬಂದರು. ಕಪ್ಪುವರ್ಣೀಯರದೇ ಒಂದು ಚಿತ್ರಸಂಸ್ಥೆ, ಬೆಸ್ಸಿಯೇ ನಾಯಕಿ. ಶಾಲೆ ಕಟ್ಟಲು ದುಡ್ಡು ಬೇಕಿತ್ತು, ಒಪ್ಪಿಕೊಂಡಳು. ಚಿತ್ರೀಕರಣಕ್ಕೆ ಹೋದರೆ ಮೊದಲ ದೃಶ್ಯದಲ್ಲಿ ಹರಕು ಬಟ್ಟೆ ತೊಟ್ಟು, ಕೋಲು ಹಿಡಿದು, ಬೆನ್ನ ಮೇಲೆ ಗಂಟು ಹೊತ್ತು ನಗರಕ್ಕೆ ಬರುವ ಹಳ್ಳಿ ಹೆಂಗಸಾಗಿ ಕಾಣಿಸಬೇಕು ಅಂದರು. ಬೆಸ್ಸಿ ಎದ್ದು ಹೊರಟುಬಿಟ್ಟಳು. ಬಿಳಿಯರು ಕಪ್ಪು ಜನರನ್ನು ನೋಡಿ ನಗಲು ಇಟ್ಟುಕೊಂಡಿದ್ದ ಅದೇ ಚಿತ್ರವನ್ನು ನಮ್ಮವರೇ ಮತ್ತೆ ತೋರಿಸೋದಾದರೆ ನಾನಿಲ್ಲ ಅನ್ನೋದು ಆಕೆಯ ನಿಲುವು. ಇದರಿಂದ ಆಕೆ ಕಳೆದುಕೊಂಡದ್ದು ದೊಡ್ಡದು. ಹಟಮಾರಿ, ಮಾತಿಗೆ ನಿಲ್ಲೋಳಲ್ಲ ಅಂತ ಕಪ್ಪು ಮನರಂಜನಾ ಲೋಕದಲ್ಲೇ ಹೆಸರು ಕೆಟ್ಟಿತು, ಮ್ಯಾನೇಜರುಗಳು ದೂರವಾದರು. ಹತ್ತಿ ಬಿಡಿಸಿದ ಹುಡುಗಿಗೆ ಬಡತನ ತೋರಿಸಲು ನಾಚಿಕೆಯೇ ಅಂತ ಈಗಲೂ ಯಾರಾದರೂ ಕೇಳಬಹುದು. ಬಡತನವನ್ನು ಬದುಕಿ ಬಂದವಳಿಗೆ ಅದನ್ನು ವೇಷವಾಗಿ ತೊಡೋದು ಬೇಡವಾಗಿತ್ತು. ಆ ಹಕ್ಕು ಆಕೆಗಿತ್ತು ಅಂತಲೇ ನನ್ನ ಅಭಿಪ್ರಾಯ.

1923ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೇನೆಯ ಹಳೆಯ 'ಜೆನ್ನಿ' ವಿಮಾನವೊಂದನ್ನು ಕೊಂಡಳು. ಮೊದಲ ಸ್ವಂತ ವಿಮಾನ. ಲಾಸ್ ಏಂಜಲೀಸ್ ಬಳಿ ಸಾವಿರಾರು ಜನ ಪ್ರದರ್ಶನಕ್ಕೆ ಕಾದಿದ್ದಾಗ, ಅಲ್ಲಿಗೆ ಬರಲು ಮೇಲೇರಿದ ವಿಮಾನದ ಎಂಜಿನ್ ಸುಮಾರು 300 ಅಡಿ ಎತ್ತರದಲ್ಲಿ ನಿಂತೇಹೋಯಿತು. ನೆಟ್ಟಗೆ ನೆಲಕ್ಕೆ. ಕಾಲು ಮುರಿಯಿತು, ಪಕ್ಕೆಲುಬು ಮುರಿದವು, ವಿಮಾನ ಪುಡಿಯಾಯಿತು. ಹೇಗಾದರೂ ಮಾಡಿ ಮೈದಾನಕ್ಕೆ ತಲುಪಿಸುವಷ್ಟು ಕಟ್ಟುಕಟ್ಟಿ ಅಂತ ಡಾಕ್ಟರನ್ನು ಬೇಡಿಕೊಂಡಳಂತೆ. ಆಸ್ಪತ್ರೆಯ ಮಂಚದಿಂದಲೇ, ನಡೆಯೋಕೆ ಬಂದಕೂಡಲೇ ಹಾರುತ್ತೇನೆ ಅಂತ ತಂತಿ ಕಳಿಸಿದಳು. ಮತ್ತೆ ಸರಿಯಾಗಿ ನೆಲೆ ಕಂಡುಕೊಳ್ಳಲು ಎರಡು ವರ್ಷ ಹಿಡಿಯಿತು.

ಒಂದೇ ಗೇಟು

1925ರಲ್ಲಿ ಬೆಸ್ಸಿ ಟೆಕ್ಸಾಸಿಗೆ ಮರಳಿದಳು. ಹ್ಯೂಸ್ಟನ್‌ನಲ್ಲಿ ಪ್ರದರ್ಶನ ಜೂನ್ 19ಕ್ಕೆ. ಟೆಕ್ಸಾಸಿನ ಕಪ್ಪು ಜನರಿಗೆ ಅದು ಬರೀ ತಾರೀಖಲ್ಲ. 1865ರಲ್ಲಿ ಅದೇ ದಿನ, ನೀವಿನ್ನು ಗುಲಾಮರಲ್ಲ ಅನ್ನೋ ಘೋಷಣೆ ಆ ರಾಜ್ಯಕ್ಕೆ ಮುಟ್ಟಿತ್ತು. ಪ್ರದರ್ಶನ ಮುಗಿದ ಮೇಲೆ ಜನರನ್ನು ವಿಮಾನ ಹತ್ತಿಸಿ ಮೇಲೆ ಒಯ್ದು ತೋರಿಸಿದರು. ಹತ್ತಾರು ಕಪ್ಪು ಜನ, ಅವರಲ್ಲಿ ಹೆಂಗಸರೇ ಬಹಳ, ತಾವು ದುಡಿದ ನೆಲವನ್ನು ಮೊದಲ ಸಲ ಮೇಲಿನಿಂದ ನೋಡಿದರು.

ಆಮೇಲೆ ವಾಕ್ಸಹಾಚಿ. ಬಾಲ್ಯದಲ್ಲಿ ಹತ್ತಿ ಬಿಡಿಸಿದ, ಬಟ್ಟೆ ಒಗೆದ ಊರು. ಈಗ ಕಪ್ಪು ಬಿಳಿ ಎರಡೂ ಜನ ನೋಡಲು ಬರುವವರಿದ್ದರು. ಏರ್ಪಾಡು ಮಾಡಿದವರು ಎರಡು ಗೇಟು ಇಡುತ್ತೇವೆ ಅಂದರು, ಬಿಳಿಯರಿಗೊಂದು, ಕಪ್ಪುವರ್ಣೀಯರಿಗೊಂದು. ಹೋಟೆಲಿನ ಎರಡು ಲೋಟದ ಪದ್ಧತಿ ಗೊತ್ತಿರುವ ನಮಗೆ ಇದು ಥಟ್ಟನೆ ಅರ್ಥವಾಗುತ್ತೆ. ಒಂದೇ ಗೇಟಿದ್ದರೆ ಹಾರುತ್ತೇನೆ, ಇಲ್ಲದಿದ್ದರೆ ಇಲ್ಲ ಅಂದಳು ಬೆಸ್ಸಿ. ಮಾತುಕತೆ ನಡೆಯಿತು. ಕೊನೆಗೆ ಒಂದೇ ಗೇಟು ಅಂತಾಯಿತು. ಅದೇ ಗೇಟಿನಿಂದ ಎಲ್ಲರೂ ಒಳಗೆ ಬಂದರು, ಒಳಗೆ ಬಂದ ಮೇಲೆ ಮಾತ್ರ ಬೇರೆ ಬೇರೆ ಕಡೆ ಕೂತರು.

ಹೋರಾಟದ ಕಥೆ ಹೇಳುವಾಗ ಈ ಕೊನೆಯ ಸಾಲನ್ನು ಬಿಟ್ಟುಬಿಡುವವರಿದ್ದಾರೆ. ಬಿಡಬಾರದು. ಅಂದಿನ ಟೆಕ್ಸಾಸಿನಲ್ಲಿ ಒಬ್ಬ ಪೈಲಟ್ ಒಂದು ಮಧ್ಯಾಹ್ನದಲ್ಲಿ ಗೆಲ್ಲಬಹುದಾದದ್ದು ಗೇಟು. ಕುರ್ಚಿಗಳನ್ನು ಗೆಲ್ಲಲು ಇನ್ನೂ ನಾಲ್ಕು ದಶಕ, ಲಕ್ಷಾಂತರ ಜನ ಬೇಕಾದರು. ತನ್ನ ಕೈಯಲ್ಲಿದ್ದ ಒಂದೇ ಚೌಕಾಸಿ ಶಕ್ತಿ ಯಾವುದು ಅಂತ ಬೆಸ್ಸಿಗೆ ಗೊತ್ತಿತ್ತು: ಮೇಲಕ್ಕೇಳದೆ ಇರೋದು. ಟಿಕೆಟ್ ಮಾರಾಟವಾದ ಮೇಲೆ ಪೈಲಟ್ ನೆಲದ ಮೇಲೇ ನಿಂತರೆ ಏನಾಗುತ್ತೆ ಅನ್ನೋ ಲೆಕ್ಕ ಎದುರಿಗಿದ್ದವರಿಗೂ ಅರ್ಥವಾಗಿತ್ತು.

ಈ ಹೊತ್ತಿಗೆ ಬೆಸ್ಸಿ ಹಾರಿದ್ದಕ್ಕಿಂತ ಮಾತಾಡಿದ್ದು ಹೆಚ್ಚಿರಬಹುದು. ಚರ್ಚು, ಥಿಯೇಟರು, ಶಾಲೆಗಳಲ್ಲಿ ತನ್ನ ಹಾರಾಟದ ಚಿತ್ರಗಳನ್ನು ತೋರಿಸಿ ಉಪನ್ಯಾಸ ಕೊಡುತ್ತಿದ್ದಳು. ಎಲ್ಲ ಕಡೆಯೂ ಒಂದೇ ವಿಷಯ, ಕಪ್ಪು ಮಕ್ಕಳಿಗೆ ವಿಮಾನ ಕಲಿಸುವ ಶಾಲೆ. ಫ್ಲಾರಿಡಾದ ಒರ್ಲಾಂಡೋದಲ್ಲಿ ಒಬ್ಬ ಪಾದ್ರಿ ದಂಪತಿಯ ಆಸರೆ ಸಿಕ್ಕಿತು, ಅಲ್ಲಿ ಬ್ಯೂಟಿ ಪಾರ್ಲರ್ ತೆರೆದು ಶಾಲೆಗಾಗಿ ದುಡ್ಡು ಕೂಡಿಸತೊಡಗಿದಳು. ಆಕಾಶ ಮುಟ್ಟಿ ಬಂದವಳು ಮತ್ತೆ ಉಗುರು, ಕೂದಲಿನ ಕೆಲಸಕ್ಕೇ ಕೂತಳು. ಶಾಲೆಗೆ ಬಂಡವಾಳ ಹಾಕುವವರು ಬೇರೆ ಯಾರೂ ಇರಲಿಲ್ಲ.

ಜಾಕ್ಸನ್‌ವಿಲ್

ಡಲ್ಲಾಸಿನಲ್ಲಿ ಮತ್ತೊಂದು ಹಳೆಯ ಜೆನ್ನಿಗೆ ಕಂತು ಕಟ್ಟುತ್ತಿದ್ದಳು. 1926ರ ಏಪ್ರಿಲ್ ಕೊನೆಯಲ್ಲಿ ವಿಲಿಯಂ ವಿಲ್ಸ್ ಎಂಬ 24 ವರ್ಷದ ಬಿಳಿಯ ಮೆಕ್ಯಾನಿಕ್ ಅದನ್ನು ಫ್ಲಾರಿಡಾದ ಜಾಕ್ಸನ್‌ವಿಲ್‌ಗೆ ಹಾರಿಸಿಕೊಂಡು ಬಂದ. ದಾರಿಯಲ್ಲಿ ಎಂಜಿನ್ ಕೈಕೊಟ್ಟು ನಡುನಡುವೆ ಇಳಿಸಬೇಕಾಗಿತ್ತು. ಸವೆದ ಯಂತ್ರ, ಸರಿಯಾದ ಆರೈಕೆ ಕಂಡಿರಲಿಲ್ಲ. ಬೆಸ್ಸಿಗೆ ಕೊಳ್ಳಲಾದದ್ದು ಅಂಥದ್ದೇ.

ಮೇ 1ಕ್ಕೆ ಅಲ್ಲಿನ ಕಪ್ಪುವರ್ಣೀಯರ ಕಲ್ಯಾಣ ಸಂಘದ ಪ್ರದರ್ಶನ. ಪ್ಯಾರಾಶೂಟ್ ಕಟ್ಟಿಕೊಂಡು ಜಿಗಿಯುವ ಯೋಜನೆಯಿತ್ತು. ಹಿಂದಿನ ದಿನ, ಏಪ್ರಿಲ್ 30ರ ಬೆಳಿಗ್ಗೆ, ಇಳಿಯುವ ಜಾಗ ನೋಡಿಕೊಳ್ಳಲು ಇಬ್ಬರೂ ಮೇಲೇರಿದರು. ವಿಲ್ಸ್ ಹಾರಿಸುತ್ತಿದ್ದ. ಕುಳ್ಳಗಿದ್ದ ಬೆಸ್ಸಿಗೆ ಅಂಚಿನಿಂದ ಬಗ್ಗಿ ನೋಡಿದರಷ್ಟೇ ನೆಲ ಕಾಣುತ್ತಿತ್ತು, ಹಾಗಾಗಿ ಬೆಲ್ಟ್ ಕಟ್ಟಿರಲಿಲ್ಲ. ಸುಮಾರು 3,500 ಅಡಿ ಎತ್ತರದಲ್ಲಿ ವಿಮಾನ ಇದ್ದಕ್ಕಿದ್ದಂತೆ ಮೂಗು ಕೆಳಗೆ ಮಾಡಿ ಗಿರಗಿರ ಸುತ್ತುತ್ತಾ ಮಗುಚಿತು. ಬೆಸ್ಸಿ ಹೊರಕ್ಕೆ ಎಸೆಯಲ್ಪಟ್ಟಳು. ವಿಲ್ಸ್ ವಿಮಾನದ ಜೊತೆಗೇ ನೆಲಕ್ಕಪ್ಪಳಿಸಿ ಸತ್ತ. ಆಮೇಲೆ ಅವಶೇಷದಲ್ಲಿ ಒಂದು ಸ್ಪ್ಯಾನರ್ ಸಿಕ್ಕಿತು, ಕಂಟ್ರೋಲಿನ ಗೇರಿಗೆ ಜಾರಿ ಸಿಕ್ಕಿಹಾಕಿಕೊಂಡಿತ್ತು. ಆಕೆಗೆ 34 ವರ್ಷ.

ಬಿಳಿಯರ ಪತ್ರಿಕೆಗಳು ಈ ಸಾವಿಗೆ ಕೊಟ್ಟ ಜಾಗ ಸಣ್ಣದು, ಅದರಲ್ಲೂ ವಿಲ್ಸ್‌ಗೇ ಹೆಚ್ಚು. ಕಪ್ಪು ಪತ್ರಿಕೆಗಳ ಮುಖಪುಟದಲ್ಲಿ ಬೆಸ್ಸಿ ಇದ್ದಳು. ಜಾಕ್ಸನ್‌ವಿಲ್, ಒರ್ಲಾಂಡೋ, ಶಿಕಾಗೋ ಮೂರೂ ಕಡೆ ಶವಸಂಸ್ಕಾರದ ಪ್ರಾರ್ಥನೆಗಳು ನಡೆದವು. ಶಿಕಾಗೋದಲ್ಲಿ ಸುಮಾರು 10,000 ಜನ ಸಾಲುನಿಂತು ನೋಡಿದರು. ಅಲ್ಲಿನ ಪ್ರಾರ್ಥನೆಯ ಸಾರಥ್ಯ ವಹಿಸಿದ್ದು ಇಡಾ ಬಿ. ವೆಲ್ಸ್. ಕಪ್ಪು ಜನರನ್ನು ಗುಂಪು ಸೇರಿ ಕೊಲ್ಲುತ್ತಿದ್ದುದರ ವಿರುದ್ಧ ಮೂರು ದಶಕಗಳಿಂದ ಬರೆಯುತ್ತಾ ಬಂದಿದ್ದ ಅದೇ ಇಡಾ ವೆಲ್ಸ್.

ಮೂರು ವಾರದ ಬಳಿಕ, ಮೇ 20ರಂದು, ಪೈಲಟುಗಳಿಗೆ ಲೈಸೆನ್ಸ್ ನೀಡುವ ಮತ್ತು ವಿಮಾನಗಳು ಹಾರಲು ಯೋಗ್ಯವೇ ಅಂತ ಪರೀಕ್ಷಿಸುವ ಅಮೆರಿಕದ ಮೊದಲ ವಾಯು ವಾಣಿಜ್ಯ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು.

ಕಸ ಗುಡಿಸುವವನು ಬರೆದುಕೊಂಡ ನೋಟ್ಸು

ಬೆಸ್ಸಿ ಸತ್ತ ಮೂರು ವರ್ಷಕ್ಕೆ, 1929ರಲ್ಲಿ, ವಿಲಿಯಂ ಪೊವೆಲ್ ಎಂಬ ಮಾಜಿ ಸೈನಿಕ ಲಾಸ್ ಏಂಜಲೀಸ್‌ನಲ್ಲಿ ಬೆಸ್ಸಿ ಕೋಲ್ಮನ್ ಏರೋ ಕ್ಲಬ್ ಕಟ್ಟಿದ. ಶಿಕಾಗೋದಲ್ಲಿ ಕಾರ್ನೀಲಿಯಸ್ ಕಾಫಿ ಮತ್ತು ಜಾನ್ ರಾಬಿನ್ಸನ್ ಎಂಬ ಇಬ್ಬರು ಮೋಟಾರ್ ಮೆಕ್ಯಾನಿಕ್‌ಗಳಿದ್ದರು. ಕರ್ಟಿಸ್-ರೈಟ್ ಸಂಸ್ಥೆಯ ವಿಮಾನ ಶಾಲೆ ಅವರನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ರಾಬಿನ್ಸನ್ ಅದೇ ಶಾಲೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ. ತರಗತಿಯ ಮೂಲೆಯಲ್ಲಿ ಗುಡಿಸುತ್ತಾ ಪಾಠ ಕೇಳಿ, ಬೋರ್ಡಿನ ಮೇಲಿದ್ದುದನ್ನು ಬರೆದುಕೊಂಡು ಹೋಗಿ ಗೆಳೆಯರ ಜೊತೆ ಓದಿದ. ಕೊನೆಗೆ ಕೋರ್ಟಿಗೆ ಹೋಗ್ತೀವಿ ಅಂತ ಎಚ್ಚರಿಸಿದ ಮೇಲೆ ಶಾಲೆ ಇಬ್ಬರನ್ನೂ ಸೇರಿಸಿಕೊಂಡಿತು, 1931ರಲ್ಲಿ ಪಾಸಾಗಿ ಹೊರಬಂದರು. ರಾಬಿನ್ಸನ್ ಮುಂದೆ ಇಥಿಯೋಪಿಯಾಕ್ಕೆ ಹೋಗಿ, ಮುಸೊಲಿನಿಯ ದಾಳಿಯ ಕಾಲದಲ್ಲಿ ಆ ದೇಶದ ಪುಟ್ಟ ವಾಯುಪಡೆಯನ್ನು ಮುನ್ನಡೆಸಿದ.

ಶಿಕಾಗೋದ ಕಪ್ಪು ಪೈಲಟುಗಳು 1930ರ ದಶಕದಿಂದ ಪ್ರತಿ ವರ್ಷ ಲಿಂಕನ್ ಸ್ಮಶಾನದ ಮೇಲೆ ಹಾರಿ, ಬೆಸ್ಸಿಯ ಸಮಾಧಿಗೆ ಹೂ ಉದುರಿಸುವುದನ್ನು ರೂಢಿ ಮಾಡಿಕೊಂಡರು. ಆಕೆಯ ಭಾವಚಿತ್ರವನ್ನು 1992ರಲ್ಲಿ ಮೇ ಜೆಮಿಸನ್ ಬಾಹ್ಯಾಕಾಶಕ್ಕೆ ಒಯ್ದಳು, 1995ರಲ್ಲಿ ಅಂಚೆಚೀಟಿ ಬಂತು, 2023ರಲ್ಲಿ ನಾಣ್ಯ. ದೊಡ್ಡ ವಿಮಾನಯಾನ ಕಂಪನಿಗಳಲ್ಲಿ ಕಪ್ಪು ಪೈಲಟುಗಳಿಗೆ ಕೆಲಸ ಸಿಗಲು ಮಾತ್ರ, ಮಾರ್ಲನ್ ಗ್ರೀನ್ ಎಂಬ ಪೈಲಟ್ ಸುಪ್ರೀಂ ಕೋರ್ಟಿನ ತನಕ ಹೋಗಿ 1963ರಲ್ಲಿ ಗೆಲ್ಲಬೇಕಾಯಿತು.

ಇದಕ್ಕೂ ಮುಂಚೆ, 1930ರ ದಶಕದ ಕೊನೆಯಲ್ಲಿ, ಶಿಕಾಗೋ ಅಂಚಿನ ಹಾರ್ಲೆಮ್ ವಿಮಾನ ಮೈದಾನದಲ್ಲಿ ಕಾಫಿ ಒಂದು ಶಾಲೆ ತೆರೆದ. ಜೊತೆಗಿದ್ದವಳು ವಿಲ್ಲಾ ಬ್ರೌನ್, 1938ರಲ್ಲಿ ಅಮೆರಿಕದೊಳಗೇ ಕಲಿತು ಲೈಸೆನ್ಸ್ ಪಡೆದ ಕಪ್ಪು ಹೆಣ್ಣುಮಗಳು. ಫ್ರೆಂಚ್ ಕಲಿಯದೆ, ಹಡಗು ಹತ್ತದೆ ಕಪ್ಪು ಹುಡುಗ ಹುಡುಗಿಯರು ಅಲ್ಲಿ ಹಾರುವುದನ್ನು ಕಲಿತರು. ಎರಡನೇ ಮಹಾಯುದ್ಧದಲ್ಲಿ ಹೆಸರಾದ ಟಸ್ಕೀಗಿ ವೈಮಾನಿಕರಲ್ಲಿ ಕೆಲವರು ಆ ಶಾಲೆಯಿಂದ ಹೋದವರು.